ಮಹಡಿ ಬೇರೆ, ಮನೆತನ ಒಂದೇ: ತುರ್ಕಿ ಕುಟುಂಬದ ಲೆಕ್ಕಾಚಾರ



ತುರ್ಕಿಯ ಸರ್ಕಾರ 2025ನೆಯ ಇಸವಿಯನ್ನು ‘ಕುಟುಂಬ ವರ್ಷ’ ಎಂದು ಸಾರಿತು. ಹಾಗೆ ಸಾರುವುದಕ್ಕೆ ಕಾರಣವಾದ ಅಂಕಿಗಳು ಅಲ್ಲಿ ಎಲ್ಲರ ಬಾಯಲ್ಲೂ ಇವೆ. 2008ರಲ್ಲಿ ಒಂದು ಮನೆಯಲ್ಲಿ ಸರಾಸರಿ ನಾಲ್ವರಿದ್ದರು. 2024ರ ಹೊತ್ತಿಗೆ ಅದು 3.11ಕ್ಕೆ ಇಳಿಯಿತು. ಐದು ಮನೆಗಳಲ್ಲಿ ಒಂದರಲ್ಲಿ ಒಬ್ಬರೇ ವಾಸ. ಒಬ್ಬ ಹೆಂಗಸು ಹೆರುವ ಮಕ್ಕಳ ಸರಾಸರಿ ಸಂಖ್ಯೆ 2001ರಲ್ಲಿ 2.38 ಇದ್ದದ್ದು 2024ರಲ್ಲಿ 1.48 ಆಯಿತು. ಅದೇ ವರ್ಷ 5,68,395 ಮದುವೆಗಳಾದವು, 1,87,343 ವಿಚ್ಛೇದನಗಳಾದವು. ಈ ಅಂಕಿಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಅವನ್ನು ಮುಂದಿಟ್ಟುಕೊಂಡು ಹೇಳುವ ಕಥೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಂದಾನೊಂದು ಕಾಲಕ್ಕೆ ಅಜ್ಜ, ಅಜ್ಜಿ, ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಒಂದೇ ಸೂರಿನಡಿ ಉಣ್ಣುತ್ತಿದ್ದರು, ಪಟ್ಟಣ ಬಂತು, ಹೆಂಗಸರು ಓದಿದರು, ಕುಟುಂಬ ಒಡೆಯಿತು ಎಂಬುದು ಆ ಕಥೆ. ನಮಗೂ ಇದು ಹೊಸದಲ್ಲ, ನಮ್ಮ ಕಡೆಯ ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ಪ್ರತಿ ಬೇಸಿಗೆಯಲ್ಲೂ ಕೇಳಿಬರುವಂಥದ್ದೇ. ತುರ್ಕಿಯ ಮಟ್ಟಿಗೆ ಈ ಕಥೆಯ ಮೊದಲ ಅರ್ಧ ಬಹುಪಾಲು ಸುಳ್ಳು, ಎರಡನೆಯ ಅರ್ಧ ಅಪೂರ್ಣ ಎಂಬುದು ಇಂದಿನ ನನ್ನ ವಾದ. ಅಲ್ಲಿ ಮನೆ ಎಂದೂ ಅಷ್ಟು ದೊಡ್ಡದಾಗಿರಲಿಲ್ಲ, ಕುಟುಂಬ ಇಂದಿಗೂ ಅಷ್ಟು ಚಿಕ್ಕದಾಗಿಲ್ಲ. ಚಿಕ್ಕ ಮನೆಗಳನ್ನು ಒಂದು ದೊಡ್ಡ ಕುಟುಂಬವಾಗಿ ಹಿಡಿದಿಟ್ಟಿರುವುದು ಹೆಂಗಸರ ದುಡಿಮೆ. ಜನಗಣತಿಯಾಗಲಿ ಕಾನೂನಾಗಲಿ ‘ಕುಟುಂಬ ವರ್ಷ’ವಾಗಲಿ ಆ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಹಳೆಯ ಕಾಲಕ್ಕೆ ಹೋಗೋಣ. ಆಟೊಮನ್ ಸಾಮ್ರಾಜ್ಯ 1885ರಲ್ಲಿ ಮತ್ತು 1907ರಲ್ಲಿ ನಡೆಸಿದ ಜನಗಣತಿಯ ಇಸ್ತಾಂಬುಲ್ ದಾಖಲೆಗಳನ್ನು ಆ್ಯಲನ್ ಡ್ಯೂಬೆನ್ ಮತ್ತು ಜೆಮ್ ಬೆಹಾರ್ ಎಂಬ ಇಬ್ಬರು ವಿದ್ವಾಂಸರು ಹಾಳೆ ಹಾಳೆಯಾಗಿ ಶೋಧಿಸಿ 1991ರಲ್ಲಿ ಒಂದು ಪುಸ್ತಕ ತಂದರು. ಸುಲ್ತಾನನ ರಾಜಧಾನಿ, ಮುಸ್ಲಿಂ ಮೊಹಲ್ಲಾಗಳು, ಅಂತಃಪುರದ ಬಗ್ಗೆ ಯುರೋಪಿನ ಪ್ರವಾಸಿಗಳು ಕಟ್ಟಿದ ಬಣ್ಣದ ಕಥೆಗಳು, ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆ ಪುಸ್ತಕ ತೆರೆದರೆ ನಿರಾಸೆಯಾಗುತ್ತದೆ. ಒಂದು ಮನೆಯಲ್ಲಿ ಸರಾಸರಿ ನಾಲ್ಕು ಚಿಲ್ಲರೆ ಜನ. ಒಂದಕ್ಕಿಂತ ಹೆಚ್ಚು ಹೆಂಡಿರಿದ್ದ ಗಂಡಸರು ನೂರರಲ್ಲಿ ಇಬ್ಬರು ಮೂವರು. ಗಂಡು ಮದುವೆಯಾಗುವ ಹೊತ್ತಿಗೆ ಮೂವತ್ತರ ಆಸುಪಾಸು, ಹೆಣ್ಣಿಗೆ ಇಪ್ಪತ್ತರ ಆಸುಪಾಸು. ಮಕ್ಕಳೂ ಕಡಿಮೆ, ಗಣರಾಜ್ಯ ಹುಟ್ಟುವ ಮೊದಲೇ ಆ ಊರಿನ ದಂಪತಿಗಳು ಹೆರಿಗೆಗೆ ಕಡಿವಾಣ ಹಾಕಿಕೊಂಡಿದ್ದರು. ಅಂದರೆ ಇಂದು ಪಟ್ಟಣದ ಹೊಸ ರೋಗವೆಂದು ಯಾವುದನ್ನು ಬೊಟ್ಟುಮಾಡಿ ತೋರಿಸುತ್ತಾರೋ ಅದು ಇಸ್ತಾಂಬುಲ್ಲಿನಲ್ಲಿ ಸುಲ್ತಾನ್ ಅಬ್ದುಲ್ ಹಮೀದನ ಕಾಲಕ್ಕೇ ಇತ್ತು.

ಇಸ್ತಾಂಬುಲ್ ರಾಜಧಾನಿಯಾಯಿತು, ಹಳ್ಳಿಯ ಮಾತೇನು ಎಂದು ಕೇಳಬಹುದು. ಪಾಲ್ ಸ್ಟರ್ಲಿಂಗ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞ 1949ರಿಂದ ಕೈಸೇರಿ ಬಳಿಯ ಸಕಲ್ತುತಾನ್ ಮತ್ತು ಎಲ್‌ಬಾಶಿ ಎಂಬ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಅಲ್ಲಿ ಆದರ್ಶವಂತೂ ಕೂಡುಕುಟುಂಬವೇ. ಮಗ ಹೆಂಡತಿಯನ್ನು ತಂದೆಯ ಮನೆಗೇ ಕರೆತರಬೇಕು, ಅಪ್ಪ ಬದುಕಿರುವಷ್ಟು ದಿನ ಬೇರೆ ಹೋಗಬಾರದು. ಆದರೆ ಯಾವುದೇ ಒಂದು ದಿನ ಮನೆಮನೆ ಎಣಿಸುತ್ತ ಹೋದರೆ ಕೂಡುಕುಟುಂಬಗಳು ಅಲ್ಪಸಂಖ್ಯಾತ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಪಾಲಾಗುತ್ತಿದ್ದರು, ಒಲೆ ಬೇರೆಯಾಗುತ್ತಿತ್ತು, ಅವರವರ ಗಂಡುಮಕ್ಕಳು ಬೆಳೆದು ಸೊಸೆಯಂದಿರು ಬಂದಾಗ ಮತ್ತೆ ಕೂಡುತ್ತಿತ್ತು. ಹಾಜತ್ತೆಪೆ ವಿಶ್ವವಿದ್ಯಾಲಯ 1968ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ನಡೆಸಿದ ಸಮೀಕ್ಷೆಯನ್ನು ಆಧರಿಸಿ ಸೆರಿಮ್ ತಿಮೂರ್ 1972ರಲ್ಲಿ ಪ್ರಕಟಿಸಿದ ಪುಸ್ತಕ ಇದನ್ನೇ ಅಂಕಿಗಳಲ್ಲಿ ಹೇಳಿತು. ಜನಸಂಖ್ಯೆಯ ದೊಡ್ಡ ಪಾಲು ಇನ್ನೂ ಹಳ್ಳಿಗಳಲ್ಲಿದ್ದ ಆ ಕಾಲಕ್ಕೇ ಶೇಕಡ 60ರಷ್ಟು ಮನೆಗಳು ಗಂಡ, ಹೆಂಡತಿ, ಮಕ್ಕಳ ಪುಟ್ಟ ಸಂಸಾರಗಳು. ಅಪ್ಪನ ಯಜಮಾನಿಕೆಯ ನಿಜವಾದ ಕೂಡುಕುಟುಂಬ ಐದರಲ್ಲೊಂದು ಪಾಲಿಗಿಂತ ತುಸು ಕಡಿಮೆ. ಅದು ಯಾರಲ್ಲಿ ಹೆಚ್ಚು ಎಂದು ತಿಮೂರ್ ನೋಡಿದರೆ ಸಿಕ್ಕ ಉತ್ತರ ಜಮೀನು. ಹೊಲ ದೊಡ್ಡದಿದ್ದವನ ಮನೆಯಲ್ಲಿ ಮಕ್ಕಳು ನಿಂತರು, ಹೊಲವಿಲ್ಲದವನ ಮಕ್ಕಳು ಕೂಲಿ ಹುಡುಕಿಕೊಂಡು ಹೋದರು. ಕೂಡಿ ಬಾಳುವುದು ಸಂಸ್ಕಾರದ ಮಾತಾಗುವುದಕ್ಕೆ ಮೊದಲು ಆಸ್ತಿಯ ಮಾತಾಗಿತ್ತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಆ ಕಾಲಕ್ಕೆ ಜನ ಬೇಗ ಸಾಯುತ್ತಿದ್ದರು. ಅಜ್ಜನೇ ಬದುಕಿರದ ಮನೆಯಲ್ಲಿ ಮೂರು ತಲೆಮಾರು ಎಲ್ಲಿಂದ ಬರಬೇಕು? ಕೂಡುಕುಟುಂಬ ಕಡಿಮೆಯಿತ್ತು ಅಂದರೆ ಅದು ಬೇಡವಾಗಿತ್ತು ಅಂತಲ್ಲ, ಸಾವು ಅದಕ್ಕೆ ಎಡೆ ಕೊಡಲಿಲ್ಲ ಅಂತ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪಿದಷ್ಟೂ ನನ್ನ ವಾದಕ್ಕೆ ಬಲ ಬರುತ್ತದೆ. ಕೂಡುಕುಟುಂಬ ಅಲ್ಲಿ ಬಹುತೇಕರ ಬಾಳಿನಲ್ಲಿ ಬಂದು ಹೋಗುವ ಒಂದು ಘಟ್ಟವಾಗಿತ್ತು, ಮದುವೆಯಾದ ಹೊಸತರಲ್ಲಿ ಕೆಲವು ವರ್ಷ, ಮುಪ್ಪಿನಲ್ಲಿ ಕೆಲವು ವರ್ಷ. ಅದನ್ನೇ ಇಡೀ ಸಮಾಜದ ಸ್ಥಿರ ರಚನೆಯೆಂದು ಹೇಳಿದವರು ಆಮೇಲಿನವರು. ನಮ್ಮ ದೇಶದಲ್ಲಿ ಐ.ಪಿ. ದೇಸಾಯಿ ಗುಜರಾತಿನ ಮಹುವಾ ಪಟ್ಟಣದ ಅಧ್ಯಯನದಲ್ಲಿ, ಎ.ಎಂ. ಷಾ ತಮ್ಮ 1973ರ ಪುಸ್ತಕದಲ್ಲಿ ಇಂಥದೇ ಭ್ರಮೆಯನ್ನು ಬಿಡಿಸಿದ್ದರು. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಹಿಂದೂ ಅವಿಭಕ್ತ ಕುಟುಂಬಕ್ಕೆ ಕಾನೂನಿನ ಆಸರೆಯಿತ್ತು, ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕಿತ್ತು. ತುರ್ಕಿಯಲ್ಲಿ ಅಂಥ ಅವಿಭಕ್ತ ಆಸ್ತಿಯ ಕಲ್ಪನೆ ಇರಲಿಲ್ಲ. ಇಸ್ಲಾಮಿನ ಉತ್ತರಾಧಿಕಾರ ಪದ್ಧತಿಯಲ್ಲಿ ಒಬ್ಬ ಸತ್ತ ಕ್ಷಣಕ್ಕೆ ಆಸ್ತಿ ಪಾಲುಗಳಾಗಿ ಒಡೆಯುತ್ತದೆ, ಹೆಣ್ಣುಮಕ್ಕಳಿಗೂ ಗಂಡಿನ ಅರ್ಧದಷ್ಟು ಪಾಲು ಹೋಗುತ್ತದೆ. ಕೂಡಿರುವುದಕ್ಕೆ ಬೇಕಾದ ಕಟ್ಟು ಅಲ್ಲಿ ನಮಗಿಂತ ಸಡಿಲವಾಗಿತ್ತು.

ಹಾಗಾದರೆ ದೊಡ್ಡ ಕುಟುಂಬ ಎಲ್ಲಿದೆ? ಮೆಟ್ಟಿಲುಗಳಲ್ಲಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓರ್ಹಾನ್ ಪಾಮುಕ್ ಇಸ್ತಾಂಬುಲ್ ಬಗ್ಗೆ ಬರೆದ ಆತ್ಮಕಥನದಲ್ಲಿ ನಿಶಾನ್‌ತಾಶಿ ಬಡಾವಣೆಯ ‘ಪಾಮುಕ್ ಅಪಾರ್ಟ್‌ಮೆಂಟ್’ ಬರುತ್ತದೆ. ಒಂದೇ ಕಟ್ಟಡ, ಒಂದೊಂದು ಅಂತಸ್ತಿನಲ್ಲಿ ಅಜ್ಜಿ, ಚಿಕ್ಕಪ್ಪಂದಿರು, ಅತ್ತೆ. ಬಾಗಿಲುಗಳು ಹಗಲೆಲ್ಲ ತೆರೆದೇ ಇರುತ್ತವೆ. ಹಳೆಯ ಹವೇಲಿಯನ್ನು ಬಿಟ್ಟು ಬಂದ ಸಿರಿವಂತ ಕುಟುಂಬ ಕಾಂಕ್ರೀಟಿನ ಆಧುನಿಕ ಕಟ್ಟಡ ಕಟ್ಟಿಸಿ ಹವೇಲಿಯನ್ನೇ ಅದರೊಳಗೆ ಸಾಗಿಸಿತು. ಈಗ ಅದೇ ಊರಿನ ಅಂಚಿಗೆ, 1950ರ ನಂತರ ಅನತೋಲಿಯಾದ ಹಳ್ಳಿಗಳಿಂದ ಬಂದವರು ಖಜಾನೆ ಜಾಗದಲ್ಲಿ ರಾತ್ರೋರಾತ್ರಿ ಎಬ್ಬಿಸಿದ ಗೆಜೆಕೊಂಡು ಬಡಾವಣೆಗಳಿಗೆ ಹೋಗಿ. ಒಂದು ಅಂತಸ್ತಿನ ಮನೆ, ಅದರ ತಾರಸಿಯ ಮೇಲೆ ಕಂಬಗಳಿಂದ ಕಬ್ಬಿಣದ ಸರಳುಗಳು ಆಕಾಶಕ್ಕೆ ಚಾಚಿಕೊಂಡು ತುಕ್ಕು ಹಿಡಿದು ನಿಂತಿರುತ್ತವೆ. ಮನೆ ಅರ್ಧಕ್ಕೆ ನಿಂತಿಲ್ಲ, ಮಗನ ಮದುವೆಗೆ ಕಾಯುತ್ತಿದೆ. ಹಿರಿಯವನ ಮದುವೆ ನಿಶ್ಚಯವಾದರೆ ಮೊದಲ ಮಹಡಿ, ಕಿರಿಯವನಿಗೆ ಎರಡನೆಯದು. ದುಡ್ಡು ಬಂದ ಹಾಗೆ ಇಟ್ಟಿಗೆ. 1980ರ ದಶಕದಲ್ಲಿ ಈ ಮನೆಗಳಿಗೆ ಸರ್ಕಾರ ಸಕ್ರಮದ ಚೀಟಿ ಕೊಡತೊಡಗಿದ ಮೇಲೆ ಸಾವಿರಾರು ಕಟ್ಟಡಗಳು ಹೀಗೆ ಎದ್ದವು. ಸಿರಿವಂತನದೂ ಬಡವನದೂ ಆಕಾರ ಒಂದೇ, ಕೆಳಗೆ ಹಿರಿಯರು, ಮೇಲೆ ಮಕ್ಕಳು, ನಡುವೆ ಮೆಟ್ಟಿಲು.

ಸಮೀಕ್ಷೆಯವನು ಈ ಕಟ್ಟಡಕ್ಕೆ ಬಂದು ಮೂರು ಬಾಗಿಲು ತಟ್ಟುತ್ತಾನೆ, ಮೂರು ಪುಟ್ಟ ಸಂಸಾರ ಎಂದು ಬರೆದುಕೊಂಡು ಹೋಗುತ್ತಾನೆ. ಅವನು ಹೋದ ಮೇಲೆ ಆ ಮೆಟ್ಟಿಲಿನಲ್ಲಿ ಏನೇನು ಹತ್ತಿ ಇಳಿಯುತ್ತದೆ ಎಂಬುದನ್ನು ನೋಡಬೇಕು. ಆಗಸ್ಟ್ ಕೊನೆಗೆ ಟೊಮೆಟೊ, ಕೆಂಪು ಮೆಣಸಿನಕಾಯಿ ಅಗ್ಗವಾದಾಗ ಅತ್ತೆ, ಸೊಸೆಯಂದಿರು, ಮದುವೆಯಾಗಿ ಹೋದ ಮಗಳು ಎಲ್ಲ ಸೇರಿ ತಾರಸಿಯಲ್ಲಿ ವರ್ಷಕ್ಕಾಗುವಷ್ಟು ‘ಸಾಲ್ಚಾ’ ಎಂಬ ಗೊಜ್ಜು ಒಣಗಿಸುತ್ತಾರೆ. ಮೊಸರು, ಹಿಟ್ಟು, ತರಕಾರಿ ಹುದುಗಿಸಿ ಒಣಗಿಸಿ ಪುಡಿಮಾಡಿದ ‘ತರ್ಹಾನಾ’ ಚಳಿಗಾಲದ ಸಾರಿಗೆ. ಕೆಲಸ ಒಟ್ಟಿಗೆ, ಆಮೇಲೆ ಡಬ್ಬಿಗಳು ಮೂರು ಅಡಿಗೆಮನೆಗೆ. ಊರಲ್ಲುಳಿದ ದೊಡ್ಡಪ್ಪನಿಂದ ಬಸ್ಸಿನ ಮೇಲೆ ಬುಲ್ಗುರ್ ಗೋಧಿರವೆಯ ಮೂಟೆ ಬರುತ್ತದೆ, ಇಲ್ಲಿಂದ ಅಲ್ಲಿಗೆ ಔಷಧಿ, ದುಡ್ಡು, ಆಸ್ಪತ್ರೆಗೆ ಬರುವವರಿಗೆ ಹಾಸಿಗೆ. ಮಗು ಬೆಳಗ್ಗೆ ನಿದ್ದೆಗಣ್ಣಲ್ಲೇ ಕೆಳಗಿನ ಅಜ್ಜಿಯ ಮನೆಗೆ ಇಳಿಯುತ್ತದೆ, ಸಂಜೆ ತಾಯಿ ಬಂದ ಮೇಲೆ ಮೇಲೆ ಹತ್ತುತ್ತದೆ. ಮದುವೆಗೆ ಯಾರ್ಯಾರು ಕಾಲು ತೂಕದ ಚಿನ್ನದ ನಾಣ್ಯ ಚುಚ್ಚಿದರು, ಅವರ ಮನೆಯ ಮುಂದಿನ ಮದುವೆಗೆ ಎಷ್ಟು ಹಿಂದಿರುಗಿಸಬೇಕು ಎಂಬ ಬಾಯಿಲೆಕ್ಕ ಹೆಂಗಸರ ಬಳಿ ಇರುತ್ತದೆ. ಹಬ್ಬದ ಬೆಳಗ್ಗೆ ಹಿರಿಯರ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳಲು ಯಾರ ಮನೆಗೆ ಮೊದಲು, ಯಾರಿಗೆ ಆಮೇಲೆ ಎಂಬ ಸರದಿ ತಪ್ಪಿದರೆ ಅದರ ಪಂಚಾಯ್ತಿಯನ್ನು ತೀರಿಸುವವರೂ ಅವರೇ. ಸ್ವಂತ ಕಟ್ಟಡ ಇಲ್ಲದವರು ಒಂದೇ ಬೀದಿಯಲ್ಲಿ, ಒಂದೇ ಬಡಾವಣೆಯಲ್ಲಿ ಬಾಡಿಗೆ ಹಿಡಿಯುತ್ತಾರೆ. 2023ರ ಫೆಬ್ರುವರಿ 6ರ ಭೂಕಂಪದಲ್ಲಿ ಕಹ್ರಮಾನ್‌ಮರಾಶ್, ಹತಾಯ್ ಪ್ರಾಂತಗಳು ನೆಲಸಮವಾದಾಗ ಡೇರೆಗಳು ಬರುವ ಮುಂಚೆಯೇ ಎಷ್ಟೋ ಜನ ಅಂಕಾರಾ, ಮೆರ್ಸಿನ್, ಅಂತಲ್ಯಾದ ನೆಂಟರ ಮನೆ ಸೇರಿದ್ದರು.

ಈ ಜಾಲವನ್ನು ನೇಯುವ ಕೈ ಯಾರದು ಎಂದು ಮೊದಲು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಮ್ಯುಬೆಜ್ಜೆಲ್ ಕಿರಾಯ್ ಒಬ್ಬರು. ಕಪ್ಪು ಸಮುದ್ರದ ದಡದ ಎರೆಯ್ಲಿ ಎಂಬ ಪಟ್ಟಣಕ್ಕೆ ಉಕ್ಕಿನ ಕಾರ್ಖಾನೆ ಬರುವ ಮುನ್ನ ಅವರು ಅಲ್ಲಿ ಮಾಡಿದ ಅಧ್ಯಯನ 1964ರಲ್ಲಿ ಪ್ರಕಟವಾಯಿತು. ಅಪ್ಪನ ಮಾತು ಮನೆಯಲ್ಲಿ ಕಡೆಯ ಮಾತು. ಮಗ ಅಪ್ಪನೆದುರು ಸಿಗರೇಟು ಹಚ್ಚುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ. ಆದರೆ ಮಗನ ಸಂಬಳ ಈಗ ಅಪ್ಪನ ಅಂಗಡಿಯಿಂದ ಬರುತ್ತಿಲ್ಲ. ಈ ಇಬ್ಬರು ಮುಖಾಮುಖಿಯಾದರೆ ಮನೆ ಮುರಿಯುತ್ತದೆ. ಮುರಿಯಗೊಡದೆ ನಡುವೆ ನಿಂತು ಅಪ್ಪನ ಮಾತನ್ನು ಮಗನಿಗೆ ಮೆತ್ತಗೆ ಮಾಡಿ ಮುಟ್ಟಿಸಿ, ಮಗನ ಹಟವನ್ನು ಅಪ್ಪನಿಗೆ ವಿನಂತಿಯಾಗಿ ಹೇಳುವವಳು ತಾಯಿ. ಸಮಾಜ ಬದಲಾಗುವಾಗ ಪೆಟ್ಟನ್ನು ನುಂಗುವ ಇಂಥ ವ್ಯವಸ್ಥೆಗಳನ್ನು ಕಿರಾಯ್ ಸಿದ್ಧಾಂತವಾಗಿಯೇ ಕಟ್ಟಿದರು. ತುರ್ಕಿಯ ಕುಟುಂಬ ಕೈಗಾರಿಕೆ, ವಲಸೆ, ಹಣದುಬ್ಬರ ಎಲ್ಲವನ್ನೂ ತಡೆದುಕೊಂಡು ನಿಂತಿತು ಎಂದು ಹೆಮ್ಮೆಪಡುವ ಭಾಷಣಕಾರರು, ಪೆಟ್ಟು ಯಾರ ಮೈಮೇಲೆ ಬಿತ್ತು ಎಂಬುದನ್ನು ಕಿರಾಯ್ ಪುಸ್ತಕದಿಂದ ತಿಳಿಯಬಹುದು.

ಅಂಕಿಗಳೂ ಇದನ್ನೇ ಹೇಳುತ್ತವೆ. 2014-15ರಲ್ಲಿ ತುರ್ಕಿಯ ಅಂಕಿಅಂಶ ಸಂಸ್ಥೆ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಮನೆಗೆಲಸಕ್ಕೂ ಮನೆಯವರ ಆರೈಕೆಗೂ ಹೆಂಗಸು ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ ಕೊಡುತ್ತಾಳೆ, ಗಂಡಸು ಒಂದು ಗಂಟೆಗೂ ಕಡಿಮೆ. ಇದರಲ್ಲಿ ಅಚ್ಚರಿಯಿಲ್ಲ, ಹೊರಗೆ ದುಡಿಯದ ಹೆಂಗಸರೂ ಆ ಲೆಕ್ಕದಲ್ಲಿದ್ದಾರಲ್ಲ ಎನ್ನಬಹುದು. ಸಂಬಳಕ್ಕೆ ದುಡಿಯುವವರನ್ನಷ್ಟೇ ತೆಗೆದುಕೊಂಡರೂ ಹೆಂಗಸಿಗೆ ಮೂರೂವರೆ ಗಂಟೆ, ಗಂಡಸಿಗೆ ಮುಕ್ಕಾಲು ಗಂಟೆಯ ಆಸುಪಾಸು. 2023ರಲ್ಲಿ ದುಡಿಮೆಯ ಪಟ್ಟಿಯಲ್ಲಿದ್ದ ಹೆಂಗಸರು ಶೇಕಡ 36ರಷ್ಟು, ಗಂಡಸರು 71ರಷ್ಟು. ಹೊರಗಿನ ಕೆಲಸಕ್ಕೆ ಹೋದರೆ ಒಳಗಿನ ಕೆಲಸ ಕಡಿಮೆಯಾಗುವುದಿಲ್ಲ ಎಂದು ಗೊತ್ತಿರುವಾಗ ಇಷ್ಟು ಕಡಿಮೆ ಹೆಂಗಸರು ಹೊರಗೆ ಹೋಗುವುದು ಅವರ ಅಜ್ಞಾನವೇನಲ್ಲ. ರಿಜೆಯ ಚಹಾ ಇಳಿಜಾರುಗಳಲ್ಲಿ ಎಲೆ ಕತ್ತರಿಸಿ ಬೆನ್ನ ಮೇಲೆ ಹೊರುವ ಹೆಂಗಸು ಸರ್ಕಾರಿ ಕಡತದಲ್ಲಿ ‘ಸಂಬಳವಿಲ್ಲದ ಕುಟುಂಬ ಕೆಲಸಗಾರ್ತಿ’. ಇಸ್ತಾಂಬುಲ್ಲಿನ ಬಡ ಬಡಾವಣೆಗಳಲ್ಲಿ ರಫ್ತಿಗೆ ಸ್ವೆಟರ್ ಹೆಣೆಯುವ, ಮಣಿ ಪೋಣಿಸುವ ಹೆಂಗಸರನ್ನು ಅಧ್ಯಯನ ಮಾಡಿದ ಜೆನ್ನಿ ವೈಟ್ 1994ರ ಪುಸ್ತಕದಲ್ಲಿ ಒಂದು ಸೂಕ್ಷ್ಮ ಗಮನಿಸುತ್ತಾರೆ: ದಿನಕ್ಕೆ ಎಷ್ಟೋ ಗಂಟೆ ಸೂಜಿ ಹಿಡಿಯುವ ಆ ಹೆಂಗಸರೇ ತಾವು ‘ಕೆಲಸ’ ಮಾಡುತ್ತಿಲ್ಲ ಎನ್ನುತ್ತಾರೆ. ನೆಂಟರಿಗೆ, ನೆಂಟರಂಥ ನೆರೆಯವರಿಗೆ ಮಾಡುವುದಕ್ಕೆ ಕೂಲಿ ಎನ್ನುವುದು ಅವಮಾನ. ಕಮಿಷನ್ ಏಜೆಂಟನಿಗೆ ಇದಕ್ಕಿಂತ ಒಳ್ಳೆಯ ಕೂಲಿಗಾರರು ಎಲ್ಲಿ ಸಿಗುತ್ತಾರೆ?

ಇದೇ ಕತೆಯ ಇನ್ನೊಂದು ಮಗ್ಗುಲು ನಮ್ಮವರಲ್ಲಿ ಕೆಲವರಿಗೆ ಟಿವಿಯಿಂದ ಗೊತ್ತು. 2015ರಲ್ಲಿ ಹಿಂದಿ ವಾಹಿನಿಯೊಂದರಲ್ಲಿ ಬಂದ ‘ಫೆರಿಹಾ’ ಎಂಬ ತುರ್ಕಿ ಧಾರಾವಾಹಿಯ ನಾಯಕಿ ಸಿರಿವಂತರ ಕಟ್ಟಡದ ನೆಲಮಾಳಿಗೆಯಲ್ಲಿರುವ ಕಾವಲುಗಾರನ ಮಗಳು. ಅವಳ ತಾಯಿ ಮೇಲಿನ ಮನೆಗಳಲ್ಲಿ ಕಸಮುಸುರೆ ಮಾಡುತ್ತಾಳೆ. ಅಂಕಾರಾದ ಇಂಥ ಹೆಂಗಸರ ಬಗ್ಗೆ ಗ್ಯುಲ್ ಓಜ್ಯೆಯಿನ್ ಮಾಡಿದ ಅಧ್ಯಯನದಿಂದ ತಿಳಿಯುವುದು, ಮಧ್ಯಮವರ್ಗದ ಗಂಡಹೆಂಡಿರ ‘ಸಮಾನತೆ’ ಬಹಳ ಮಟ್ಟಿಗೆ ಈ ಮೂರನೆಯ ಹೆಂಗಸಿನ ಮೇಲೆ ನಿಂತಿದೆ ಎಂಬುದು. ಗಂಡ ಪೊರಕೆ ಹಿಡಿಯಲಿಲ್ಲ, ಪೊರಕೆ ಇನ್ನೊಬ್ಬಳ ಕೈಗೆ ಹೋಯಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ತುರ್ಕಿಯ ಮನೆಯಲ್ಲಿ ತಾಯಿಯ ಸ್ಥಾನ ದೊಡ್ಡದು, ಮಕ್ಕಳ ಮದುವೆಯಿಂದ ಹಿಡಿದು ಮನೆ ಖರೀದಿಯವರೆಗೆ ಅವಳ ಮಾತು ನಡೆಯುತ್ತದೆ, ಅವಳನ್ನು ಬರೀ ದುಡಿಮೆಯಾಳೆಂದು ನೋಡುವುದು ಹೊರಗಿನವರ ಕಣ್ಣು ಎಂಬ ಮಾತಿದೆ. ಇದರಲ್ಲಿ ನಿಜವಿದೆ. ದೆನಿಜ್ ಕಂದಿಯೋಟಿ 1988ರಲ್ಲಿ ಬರೆದ ಲೇಖನವೊಂದರಲ್ಲಿ ಇದರ ಒಳಸುಳಿಯನ್ನು ಬಿಚ್ಚಿಟ್ಟರು. ಉತ್ತರ ಆಫ್ರಿಕಾದಿಂದ ತುರ್ಕಿ, ಭಾರತ, ಚೀನಾದವರೆಗೆ ಹಬ್ಬಿದ ಪಿತೃಪ್ರಧಾನ ವಲಯದಲ್ಲಿ ಹೆಣ್ಣು ಒಂದು ಒಪ್ಪಂದಕ್ಕೆ ಒಳಗಾಗುತ್ತಾಳೆ. ಸೊಸೆಯಾಗಿ ಬಂದ ಹೊಸತರಲ್ಲಿ ಎಲ್ಲರಿಗಿಂತ ಕೆಳಗೆ, ಅತ್ತೆಯ ಮಾತಿಗೆ ಎದುರಾಡದೆ ದುಡಿಯುತ್ತಾಳೆ. ಗಂಡು ಹೆರುತ್ತಾಳೆ. ಆ ಮಗ ಹೆಂಡತಿಯನ್ನು ತಂದ ದಿನ ಅವಳಿಗೆ ಅಧಿಕಾರ ಬರುತ್ತದೆ, ಅಂದರೆ ಅವಳ ಕೈಕೆಳಗೆ ಇನ್ನೊಬ್ಬ ಹುಡುಗಿ ಬರುತ್ತಾಳೆ. ಹಾಗಾಗಿ ತಾಯಿಯ ಅಧಿಕಾರ ಇದೆ ಎಂಬುದು ವ್ಯವಸ್ಥೆಗೆ ವಿರುದ್ಧವಾದ ಸಾಕ್ಷಿಯಲ್ಲ, ವ್ಯವಸ್ಥೆ ಕೊಡುವ ತಡವಾದ ಸಂಬಳ. ಕಂದಿಯೋಟಿಯವರ ಮಾತಿಗೆ ನಾನು ಸೇರಿಸಬೇಕೆಂದಿರುವುದು ಇಷ್ಟು: ಮಹಡಿ ಬೇರೆಯಾದಾಗ ಈ ಒಪ್ಪಂದದ ಕಂತು ನಿಂತುಹೋಯಿತು. ಇಂದು ಅರವತ್ತು ದಾಟಿದ ತುರ್ಕಿ ಹೆಂಗಸು ತನ್ನ ಕಾಲದಲ್ಲಿ ಅತ್ತೆಯ ಸೇವೆ ಮಾಡಿದವಳು. ಅವಳ ಸೊಸೆ ಮೇಲಿನ ಮಹಡಿಯಲ್ಲಿ ತನ್ನ ಬಾಗಿಲು ಹಾಕಿಕೊಳ್ಳಬಲ್ಲಳು, ಬ್ಯಾಂಕಿಗೋ ಶಾಲೆಗೋ ಕೆಲಸಕ್ಕೆ ಹೋಗುತ್ತಾಳೆ. ಅತ್ತೆಗೆ ಸಿಗಬೇಕಾಗಿದ್ದ ಸೇವೆ ಸಿಗಲಿಲ್ಲ, ಬದಲಿಗೆ ಮೊಮ್ಮಗುವನ್ನು ನೋಡಿಕೊಳ್ಳುವ ಕೆಲಸ ಬಂತು. ಒಬ್ಬಳೇ ಹೆಂಗಸು ಎರಡು ತಲೆಮಾರುಗಳಿಗೆ ದುಡಿದು ತನ್ನ ಪಾಲಿನ ಯಜಮಾನಿಕೆಯನ್ನು ನೋಡದೆ ಹೋಗುವುದು ಈ ಸ್ಥಿತ್ಯಂತರದ ದೊಡ್ಡ ಅನ್ಯಾಯ. ಸೊಸೆಯನ್ನು ಬೈದರೆ ಅದು ನೆಟ್ಟಗಾಗುವುದಿಲ್ಲ.

ಮನಶ್ಶಾಸ್ತ್ರಜ್ಞೆ ಚಿಯ್ದೆಮ್ ಕಾಯಿತ್ಚಿಬಾಶಿ ಇದೇ ಸ್ಥಿತ್ಯಂತರವನ್ನು ಹೆಚ್ಚು ಆಶಾವಾದದಿಂದ ನೋಡಿದರು. ಮಕ್ಕಳು ಬೇಕು ಎಂದು ತಂದೆತಾಯಿ ಏಕೆ ಬಯಸುತ್ತಾರೆ ಎಂಬುದರ ಬಗ್ಗೆ 1975ರಲ್ಲಿ ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಯ ತುರ್ಕಿ ಭಾಗವನ್ನು ನಡೆಸಿದವರು ಅವರು, 2003ರಲ್ಲಿ ಅದನ್ನು ಮತ್ತೆ ನಡೆಸಿದರು. ಮೊದಲ ಸಲ ಬಹುದೊಡ್ಡ ಪಾಲು ಜನ ಗಂಡು ಬೇಕೆಂದಿದ್ದರು, ಮುಪ್ಪಿಗೆ ಆಸರೆ ಎಂಬ ಕಾರಣಕ್ಕೆ. ಎರಡನೆಯ ಸಲ ಹೆಣ್ಣು ಬೇಕೆಂದವರೇ ಹೆಚ್ಚು. ಪಿಂಚಣಿ, ವಿಮೆ ಬಂದ ಮೇಲೆ ಮಕ್ಕಳ ಸಂಪಾದನೆಯ ಮೇಲಿನ ಅವಲಂಬನೆ ಕುಗ್ಗುತ್ತದೆ, ಮಮತೆಯ ಅವಲಂಬನೆ ಉಳಿಯುತ್ತದೆ, ಆದ್ದರಿಂದ ಎಲ್ಲ ಸಮಾಜಗಳೂ ಪಾಶ್ಚಾತ್ಯರ ಬಿಡಿಬಿಡಿ ಕುಟುಂಬದತ್ತಲೇ ಸಾಗುತ್ತವೆ ಎಂಬ ಸಿದ್ಧಾಂತ ತಪ್ಪು ಎಂದು ಅವರು ವಾದಿಸಿದರು. ಆ ತೀರ್ಮಾನ ನನ್ನದೂ ಹೌದು. ಹೆಣ್ಣುಮಗು ಬೇಕೆನ್ನುವ ಬದಲಾವಣೆಯೂ ಸಂತೋಷದ್ದೇ. ಆದರೆ ಮುಪ್ಪಿಗೆ ಗಂಡಿನ ದುಡ್ಡು ಬೇಡವಾದಾಗ ಹೆಣ್ಣಿನ ಆರೈಕೆ ಬೇಕಾಯಿತು ಎಂದೂ ಅದನ್ನು ಓದಬಹುದು. ಮಮತೆ ಎಂದು ಕರೆದ ಮಾತ್ರಕ್ಕೆ ಹಾಸಿಗೆ ಹಿಡಿದವರ ಮೈ ಒರೆಸುವುದಕ್ಕೆ ಹಿಡಿಯುವ ಹೊತ್ತು ಕಡಿಮೆಯಾಗುವುದಿಲ್ಲ.

ಇನ್ನು ಕಾನೂನು. ಗಣರಾಜ್ಯ 1926ರಲ್ಲಿ ಸ್ವಿಟ್ಜರ್ಲೆಂಡಿನ ಸಿವಿಲ್ ಸಂಹಿತೆಯನ್ನು ತಂದು ಶರೀಯತ್ತಿನ ಜಾಗದಲ್ಲಿಟ್ಟಿತು. ಬಹುಪತ್ನಿತ್ವ ರದ್ದಾಯಿತು, ವಿಚ್ಛೇದನ ಗಂಡನ ಬಾಯಿಮಾತಿನಿಂದ ನ್ಯಾಯಾಲಯಕ್ಕೆ ಹೋಯಿತು, ಮಗಳಿಗೆ ಮಗನಷ್ಟೇ ಪಾಲು ಬಂತು. ಆ ಕಾಲಕ್ಕೆ ಇದು ಸಾಮಾನ್ಯ ಸಂಗತಿಯಲ್ಲ. ಆದರೆ ಸ್ವಿಸ್ ಸಂಹಿತೆಯೇನೂ ಸಮಾನತೆಯ ಶಾಸನವಾಗಿರಲಿಲ್ಲ. ಗಂಡನೇ ಕುಟುಂಬದ ಯಜಮಾನ ಎಂಬ ಕಲಮೂ, ಹೆಂಡತಿ ಹೊರಗೆ ದುಡಿಯಲು ಗಂಡನ ಅನುಮತಿ ಬೇಕೆಂಬ ಕಲಮೂ ಅದರೊಂದಿಗೇ ಬಂದವು. 1934ರಲ್ಲಿ ಸಂಸತ್ತಿಗೆ ಸ್ಪರ್ಧಿಸುವ ಹಕ್ಕು ಪಡೆದ ಹೆಣ್ಣು ನೌಕರಿಗೆ ಹೋಗಲು ಗಂಡನನ್ನು ಕೇಳಬೇಕಾಗಿತ್ತು, ಆ ಅನುಮತಿಯ ಕಲಮನ್ನು ಸಂವಿಧಾನ ನ್ಯಾಯಾಲಯ ರದ್ದುಮಾಡಿದ್ದು 1990ರಲ್ಲಿ. ಯಜಮಾನನ ಕಲಮು ಹೋದದ್ದು 2002ರ ಜನವರಿ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಿಂದ. ಮದುವೆಯ ನಂತರ ಗಳಿಸಿದ ಆಸ್ತಿಯಲ್ಲಿ ಇಬ್ಬರಿಗೂ ಸಮಪಾಲು ಎಂಬ ನಿಯಮವೂ ಆಗಲೇ ಬಂತು. ಆ ನಿಯಮ ಮೊದಲ ಬಾರಿಗೆ ಮನೆಗೆಲಸಕ್ಕೆ ಬೆಲೆ ಕಟ್ಟಿತು ಎನ್ನಬಹುದು. ಆದರೆ 2002ಕ್ಕೆ ಹಿಂದೆ ಗಳಿಸಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ಮಹಿಳಾ ಸಂಘಟನೆಗಳು ಎಷ್ಟು ಪ್ರತಿಭಟಿಸಿದರೂ ಸಂಸತ್ತು ಬಗ್ಗಲಿಲ್ಲ. ಅಂದರೆ ಆ ಸರಳುಗಳ ಮನೆಗಳನ್ನು ಗಂಡನ ಜೊತೆ ಕಲ್ಲು ಹೊತ್ತು ಕಟ್ಟಿದ ತಲೆಮಾರಿನ ಹೆಂಗಸರಿಗೆ, ಪತ್ರ ಗಂಡನ ಹೆಸರಿನಲ್ಲಿದ್ದರೆ, ಆ ಪಾಲು ಇಲ್ಲ.

ಮೂರನೆಯ ಆಕ್ಷೇಪ ಪ್ರದೇಶದ್ದು. ಪೂರ್ವ ಮತ್ತು ಆಗ್ನೇಯದ ಪ್ರಾಂತಗಳನ್ನು, ಮುಖ್ಯವಾಗಿ ಕುರ್ದರನ್ನು, ಇಸ್ತಾಂಬುಲ್ ಜೊತೆ ಸೇರಿಸಿ ಮಾತಾಡಬಹುದೇ? ಶಿರ್ನಾಕ್ ಪ್ರಾಂತದ ಮನೆಗಳು ದೇಶದಲ್ಲೇ ದೊಡ್ಡವು. ಶಾನ್ಲಿಉರ್ಫಾದಲ್ಲಿ ಹೆಂಗಸಿಗೆ ಸರಾಸರಿ ಮೂರಕ್ಕೂ ಹೆಚ್ಚು ಮಕ್ಕಳು, ಕಪ್ಪು ಸಮುದ್ರದ ಬಾರ್ತಿನ್‌ನಲ್ಲಿ ಒಂದಕ್ಕಿಂತ ತುಸು ಹೆಚ್ಚು. ಅಂತರ ಸಣ್ಣದಲ್ಲ. ಆದರೆ 1990ರ ದಶಕದಲ್ಲಿ ಸೇನೆ ಹಳ್ಳಿಗಳನ್ನು ಖಾಲಿ ಮಾಡಿಸಿದಾಗ ಅಲ್ಲಿಂದ ಹೊರಟವರು ದಿಯಾರ್‌ಬಕಿರ್, ಮೆರ್ಸಿನ್, ಇಸ್ತಾಂಬುಲ್ ಸೇರಿ ನೆಂಟರ ಪಕ್ಕದಲ್ಲೇ ನೆಲೆನಿಂತರು. ಭಾಷೆ ಬೇರೆ, ರಾಜಕೀಯ ಬೇರೆ, ಆದರೆ ಬದುಕಿಕೊಂಡ ಬಗೆ ಇದೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಒಂಟಿ ಮನೆಗಳು ಏರುತ್ತಿವೆ, ವಿಚ್ಛೇದನ ಏರುತ್ತಿದೆ, ಹೆರಿಗೆ ಕುಸಿದಿದೆ. ಅಣ್ಣತಮ್ಮಂದಿರೇ ಇಲ್ಲದ ಒಬ್ಬನೇ ಮಗನ ಕಾಲದಲ್ಲಿ ಯಾವ ಮಹಡಿ, ಯಾವ ಜಾಲ? ಇದಕ್ಕೆ ನನ್ನ ಬಳಿ ಅರ್ಧ ಉತ್ತರ ಮಾತ್ರ ಇದೆ. ಒಂಟಿಯಾಗಿರುವ ವೃದ್ಧರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಗಂಡನನ್ನು ಕಳೆದುಕೊಂಡ ಮೇಲೆ ತಮ್ಮ ಮನೆ ಬಿಡದೆ ಮಗಳ ಬೀದಿಯಲ್ಲೇ ಇರುವಂಥವರನ್ನು ಕುಟುಂಬ ತೊರೆದವರೆಂದು ಎಣಿಸಲಾಗದು. ವಿಚ್ಛೇದನ ಪಡೆದವಳು ಬಹಳ ಸಲ ತಾಯಿಯ ಮನೆಗೇ ಮರಳುತ್ತಾಳೆ. ಉಳಿದರ್ಧ ಆಕ್ಷೇಪ ನಿಲ್ಲುತ್ತದೆ, ಹೆಣೆಯುವವರ ಸಂಖ್ಯೆಯೇ ಕುಗ್ಗುತ್ತಿದೆ. 2008ರಿಂದ ದೇಶದ ನಾಯಕ ಎರ್ದೊಗಾನ್ ಪ್ರತಿ ದಂಪತಿಗೂ ಕನಿಷ್ಠ ಮೂರು ಮಕ್ಕಳಿರಲಿ ಎಂದು ಹೇಳುತ್ತ ಬಂದಿದ್ದಾರೆ, ಆದರೂ ಆ ಅವಧಿಯಲ್ಲಿ ಹೆರಿಗೆಯ ಪ್ರಮಾಣ ಒಟ್ಟಾರೆ ಇಳಿದಿದೆ. ಉಪದೇಶ ಸಾಲದಾಯಿತು. ದುಡಿಮೆಯ ಹಂಚಿಕೆ ಬದಲಾಗದ ಕಡೆ ಹೆಂಗಸು ಕಡಿಮೆ ಮಾಡಬಹುದಾದ ಒಂದೇ ಹೊರೆ ಮಕ್ಕಳ ಸಂಖ್ಯೆ, ಅದನ್ನು ಅವಳು ಕಡಿಮೆ ಮಾಡಿದ್ದಾಳೆ.

ಹಾಗೆಂದು ಸರ್ಕಾರಕ್ಕೆ ಈ ಜಾಲದ ಅರಿವಿಲ್ಲ ಎನ್ನುವಂತಿಲ್ಲ. ಅದನ್ನು ನಂಬಿಯೇ ಸರ್ಕಾರ ತನ್ನ ಹೊಣೆಯನ್ನು ಹಗುರ ಮಾಡಿಕೊಂಡಿದೆ. ಬಡತನಕ್ಕೆ ಬಿದ್ದ ತಂದೆತಾಯಿ, ಮಕ್ಕಳು, ಅನುಕೂಲವಿದ್ದರೆ ಒಡಹುಟ್ಟಿದವರನ್ನು ಕೂಡ ಪೋಷಿಸಬೇಕು ಎಂದು ಸಿವಿಲ್ ಸಂಹಿತೆಯ 364ನೆಯ ಕಲಮು ಹೇಳುತ್ತದೆ. ತಂದೆ ಸತ್ತರೆ ಅವನ ಪಿಂಚಣಿ ಮಗನಿಗೆ ಓದು ಮುಗಿಸುವವರೆಗೆ, ಹೆಚ್ಚೆಂದರೆ 25ರವರೆಗೆ. ಮದುವೆಯಾಗದ, ವಿಧವೆಯಾದ, ವಿಚ್ಛೇದಿತೆಯಾದ ಮಗಳಿಗೆ ಅವಳು ನೌಕರಿ ಹಿಡಿಯದಿದ್ದರೆ ವಯಸ್ಸಿನ ಮಿತಿಯಿಲ್ಲ. ನಮ್ಮ ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿಯಲ್ಲೂ ಇದನ್ನು ಹೋಲುವ ನಿಯಮವಿದೆ. ಉದಾರವಾಗಿ ಕಾಣುತ್ತದೆ, ಆದರೆ ಅವಳು ದುಡಿಯತೊಡಗಿದ ದಿನ ಅದು ನಿಲ್ಲುತ್ತದೆ. ಮದುವೆಯಾದ ಒಂದು ವರ್ಷದೊಳಗೆ ಕೆಲಸ ಬಿಡುವ ಹೆಂಗಸಿಗೆ ಗ್ರಾಚ್ಯುಟಿ ಪೂರ್ತಿ ಕೊಡಬೇಕೆಂಬ ನಿಯಮವಿದೆ. ಗಂಡಸಿಗೆ ಹಾಗೆ ಇಲ್ಲ. ಅಂಗವಿಕಲರನ್ನು ಮನೆಯಲ್ಲೇ ನೋಡಿಕೊಳ್ಳುವ ನೆಂಟರಿಗೆ ಭತ್ಯೆ ಕೊಡುತ್ತಾರೆ. 2017ರಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರಿಗೆ ತಿಂಗಳಿಗೆ 425 ಲೀರಾ ಕೊಡುವ ಪ್ರಯೋಗವನ್ನು ಕೆಲವು ಪ್ರಾಂತಗಳಲ್ಲಿ ಮಾಡಿದರು, ತಾಯಿ ಕೆಲಸಕ್ಕೆ ಹೋಗಲಿ ಎಂದು. ಅಜ್ಜಿಯ ಕೆಲಸ ಕೆಲಸವೇ ಎಂದು ಒಪ್ಪಿಕೊಂಡ ಮಟ್ಟಿಗೆ ಅದನ್ನು ಮೆಚ್ಚಬೇಕು. ತಾತನ ಹೆಸರು ಆ ಯೋಜನೆಯ ಶೀರ್ಷಿಕೆಯಲ್ಲಿ ಇರಲಿಲ್ಲ.

ತುರ್ಕಿಯ ಕುಟುಂಬ ನಿಜಕ್ಕೂ ಯಾವ ಎಣಿಕೆಯ ಮೇಲೆ ನಿಂತಿದೆ ಎಂದು ನೋಡಬೇಕಾದರೆ 2013ರ ಕಾರ್ಮಿಕ ನಿಯಮಾವಳಿಯೊಂದನ್ನು ಓದಬೇಕು. 150ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಮಾಲೀಕ ಶಿಶುವಿಹಾರ ನಡೆಸಬೇಕು. ಸಾವಿರ ಗಂಡಸರು, ನೂರು ಹೆಂಗಸರು ಇರುವ ಕಾರ್ಖಾನೆಗೆ ಆ ಹೊಣೆಯಿಲ್ಲ. ಮಗು ತಾಯಿಯದು ಮಾತ್ರ ಎಂದು ನಿಯಮವೇ ಒಪ್ಪಿಕೊಂಡಿದೆ. ನೂರೈವತ್ತೊಂದನೆಯ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳದಿರಲು ಮಾಲೀಕನಿಗೆ ಕಾರಣವನ್ನೂ ಅದೇ ಕೊಟ್ಟಿದೆ. ಆ ಎಣಿಕೆಗೆ ಗಂಡಸರಲ್ಲಿ ಕೆಲವರನ್ನು ಸೇರಿಸಿಕೊಳ್ಳಬೇಕೆಂದು ಒಂದು ವಿನಾಯಿತಿ ಇದೆ: ಮಗುವಿನ ತಾಯಿ ಸತ್ತಿರುವ ತಂದೆ ಮತ್ತು ನ್ಯಾಯಾಲಯ ಮಗುವನ್ನು ಯಾರ ವಶಕ್ಕೆ ಒಪ್ಪಿಸಿದೆಯೋ ಆ ತಂದೆ. ಹೆಂಡತಿ ಬದುಕಿದ್ದು ಜೊತೆಗಿರುವ ತಂದೆಗೆ ಆ ನಿಯಮದ ಪ್ರಕಾರ ಮಗುವಿಲ್ಲ.